ನಮ್ಮ ಆಟದ ಮಂಜು ಯಾವ ಊರಿನದು?

ಪ್ರಶ್ನೆ: ನಮಸ್ಕಾರ ಸರ್. ನಾನು ಕೊಡಗಿನ ನಾಪೋಕ್ಲು ಕಡೆಯವಳು, ವಯಸ್ಸು 24. ಎಂಜಿನಿಯರಿಂಗ್ ಮುಗಿಸಿ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಒಂದೂವರೆ ವರ್ಷದಿಂದ ತಮ್ಮನ ಜೊತೆ ಸೇರಿ ಒಂದು ಚಿಕ್ಕ ವಿಡಿಯೊ ಗೇಮ್ ಕಟ್ಟುತ್ತಿದ್ದೇನೆ. ಜಡಿಮಳೆಯ ಕಕ್ಕಡ ತಿಂಗಳಿನ ಒಂದು ಸಂಜೆ ಹಗ್ಗ ಬಿಚ್ಚಿಕೊಂಡು ಹೋದ ಹಸುವನ್ನು ಹುಡುಕುತ್ತಾ ಒಬ್ಬಳು ಹುಡುಗಿ ಕಾಫಿ ತೋಟ, ಗದ್ದೆ, ದೇವರಕಾಡು ದಾಟಿ ಕೊನೆಗೆ ಪಾಳುಬಿದ್ದ ಐನ್‌ಮನೆಯನ್ನು, ಅಂದರೆ ಕುಲದ ಹಿರಿಮನೆಯನ್ನು, ತಲುಪುತ್ತಾಳೆ. ಇಷ್ಟೇ ಕಥೆ. ಮಾದರಿಯನ್ನು ಆಡಿದ ಗೆಳೆಯರೆಲ್ಲ ‘ಚೆನ್ನಾಗಿದೆ, ಆದರೆ ಯಾವುದೋ ಜಪಾನಿ ಹಾರರ್ ಗೇಮ್ ಆಡಿದ ಹಾಗಿದೆ’ ಎನ್ನುತ್ತಾರೆ. ಐನ್‌ಮನೆ ಇದೆ, ಕೊಂಬು ಕೊಟ್ಟ್ ವಾದ್ಯ ಇದೆ, ಮಂಜಿದೆ, ಆದರೂ ನಮ್ಮ ಊರಿನ ಭಾವ ಬರುತ್ತಿಲ್ಲ. ನಾನು ಚಿಕ್ಕಂದಿನಿಂದ ಆಡಿದ ಗೇಮ್‌ಗಳು, ನೋಡಿದ ಸಿನಿಮಾಗಳು ನನ್ನ ತಲೆಯನ್ನು ತುಂಬಿಬಿಟ್ಟಿವೆಯೇ? ಒಂದು ವರ್ಷ ಎಲ್ಲವನ್ನೂ ಬಿಟ್ಟರೆ ಸರಿಹೋಗುತ್ತದೆಯೇ? ಇದು ಕೃತಿಚೌರ್ಯ ಎಂದು ಯಾರಾದರೂ ಕೇಸು ಹಾಕಬಹುದೇ? ದೈವ ಮೈದುಂಬುವ ತೆರೆ ಆಚರಣೆಯ ದೃಶ್ಯವೊಂದನ್ನು ಹಾಕಿದ್ದೆ; ಅಜ್ಜಿ ‘ಅದು ಆಟದ ವಸ್ತುವಲ್ಲ’ ಎಂದರು. ಗೆಳತಿಯೊಬ್ಬಳು ಎಐನಿಂದ ಚಿತ್ರ ಮಾಡಿಸಿದರೆ ಹೊಸತಾಗಿ ಕಾಣುತ್ತದೆ ಎನ್ನುತ್ತಾಳೆ. ಎಲ್ಲ ಅಳಿಸಿ ಮೊದಲಿನಿಂದ ಶುರುಮಾಡಲೇ?

ಉತ್ತರ: ನೀವು ಕಳುಹಿಸಿದ ಇಪ್ಪತ್ತು ನಿಮಿಷದ ಮಾದರಿಯನ್ನು ಒಂದು ಸಲ ಆಡಿದೆ. ಆಮೇಲೆ ಅದರ ವಿಡಿಯೊವನ್ನು ಹಾಕಿ, ಪರದೆಗೆ ಟವೆಲ್ ಹೊದಿಸಿ, ಹೆಡ್‌ಫೋನಿನಲ್ಲಿ ಬರೀ ಸದ್ದು ಕೇಳಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನಲ್ಲಿ ಗೇಮ್‌ಗಳಿಗೆ ಕಾಡು, ಬೀದಿ, ಮನೆಗಳನ್ನು ಕಟ್ಟಿದವನು ನಾನು. ನಡುವೆ ಕೆಲವು ಸಿನಿಮಾಗಳ ಕಲಾ ವಿಭಾಗದಲ್ಲೂ ದುಡಿದಿದ್ದೇನೆ. ಹುಟ್ಟಿ ಬೆಳೆದದ್ದು ಮಡಿಕೇರಿಯಲ್ಲಿ. ಹಾಗಾಗಿ ನಿಮ್ಮ ಪತ್ರ ಓದಿದಾಗ ನನ್ನದೇ ಹಳೆಯ ಕಳವಳವೊಂದು ತಿರುಗಿ ಬಂದು ಎದುರು ನಿಂತಂತಾಯಿತು.

ನೀವು ಐದಾರು ಪ್ರಶ್ನೆ ಕೇಳಿದ್ದೀರಿ. ಅವುಗಳ ಬುಡದಲ್ಲಿರುವ ಆತಂಕ ಒಂದೇ: ಇಷ್ಟು ಪ್ರೀತಿಯಿಂದ ಮಾಡಿದ್ದು ನನ್ನದಲ್ಲವೇನೋ ಎಂಬುದು. ನೇರವಾಗಿ ಹೇಳುತ್ತೇನೆ. ನಿಮ್ಮ ಗೆಳೆಯರು ಹೇಳಿದ್ದು ಸುಳ್ಳಲ್ಲ. ಆದರೆ ಅದಕ್ಕೆ ನೀವು ಕಂಡುಕೊಂಡಿರುವ ಕಾರಣ ತಪ್ಪು. ಬೇರೆಯವರ ಕೆಲಸ ನಿಮ್ಮ ತಲೆಯಲ್ಲಿ ತುಂಬಿರುವುದರಿಂದ ಹೀಗಾಗಿಲ್ಲ. ಅದು ಪೂರ್ತಿ ಅರಗದೆ, ಬಂದ ರೂಪದಲ್ಲೇ ಉಳಿದಿರುವುದರಿಂದ ಹೀಗಾಗಿದೆ.

ಮಂಜಿನಿಂದಲೇ ಶುರುಮಾಡೋಣ, ನಿಮ್ಮ ಆಟ ತಪ್ಪುದಾರಿ ಹಿಡಿದಿರುವುದು ಅಲ್ಲೇ. ಗೇಮ್ ಪ್ರಪಂಚದಲ್ಲಿ ಮಂಜು ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು 1999ರ ‘ಸೈಲೆಂಟ್ ಹಿಲ್’. ಅದರಲ್ಲಿ ಮಂಜು ಬಂದದ್ದು ಹೇಗೆ ಗೊತ್ತೇ? ಆ ಕಾಲದ ಪ್ಲೇಸ್ಟೇಷನ್ ಯಂತ್ರಕ್ಕೆ ದೂರದ ಬೀದಿ, ಕಟ್ಟಡಗಳನ್ನೆಲ್ಲ ಒಟ್ಟಿಗೆ ಚಿತ್ರಿಸುವ ಶಕ್ತಿ ಇರಲಿಲ್ಲ. ಆ ಕೊರತೆಯನ್ನು ಮರೆಮಾಡಲು ಮಂಜು ಮತ್ತು ಕತ್ತಲೆಯನ್ನು ಬಳಸಿದರು. ಕೊನೆಗೆ ಆ ಮಂಜೇ ಆಟದ ಜೀವವಾಯಿತು. ಇನ್ನೊಂದು ವಿಷಯ: ಜಪಾನಿನವರು ಕಟ್ಟಿದ ಆ ಊರು ಅಮೆರಿಕದ ಊರು. ಅಮೆರಿಕದ ಭಯಾನಕ ಕಾದಂಬರಿಗಳನ್ನು ಓದಿ, ಸಿನಿಮಾಗಳನ್ನು ನೋಡಿ, ಅಲ್ಲಿನ ಬೀದಿಗಳಿಗೆ ಆ ಲೇಖಕರ ಹೆಸರುಗಳನ್ನೇ ಇಟ್ಟು ಕಲ್ಪಿಸಿಕೊಂಡ ಊರದು. ಅಂದರೆ ಅಮೆರಿಕದಿಂದ ಜಪಾನಿಗೆ ಹೋಗಿ, ಯಂತ್ರದ ಮಿತಿಯಲ್ಲಿ ಹಾದು, ನಿಮ್ಮ ಲ್ಯಾಪ್‌ಟಾಪ್ ಮೂಲಕ ನಾಪೋಕ್ಲುವಿನ ಕಾಫಿ ತೋಟಕ್ಕೆ ಇಳಿದ ಮಂಜು ನಿಮ್ಮದು.

ಅದು ಹೇಗಿದೆ ನೋಡಿ: ಬೂದು ಬಣ್ಣ, ಎಲ್ಲೆಡೆ ಒಂದೇ ದಪ್ಪ, ಅಲ್ಲಾಡುವುದಿಲ್ಲ, ಸದ್ದಿಲ್ಲ. ಅಲ್ಲಿ ಏನೋ ಅಡಗಿದೆ ಎಂದು ಆಟಗಾರನಿಗೆ ಅನ್ನಿಸುತ್ತದೆ. ಹಾಗೆ ಅನ್ನಿಸಲೆಂದೇ ಅದನ್ನು ರೂಪಿಸಿದ್ದು.

ನಮ್ಮ ಮಂಜು ಹಾಗಿರುವುದಿಲ್ಲವಲ್ಲ. ಅದು ನಡೆಯುತ್ತದೆ. ಗದ್ದೆಯ ಕಡೆಯಿಂದ ಎದ್ದು ಬಂದು ಕೊಟ್ಟಿಗೆ ನುಂಗುತ್ತದೆ, ಐದು ನಿಮಿಷಕ್ಕೆ ಬಿಟ್ಟುಕೊಡುತ್ತದೆ, ಅಷ್ಟರಲ್ಲಿ ಬೇಲಿ ಮುಚ್ಚಿಹೋಗಿರುತ್ತದೆ. ಒಗೆದು ಹಾಕಿದ ಬಟ್ಟೆಗೆ, ತಲೆಗೂದಲಿಗೆ, ದೀಪದ ಗಾಜಿಗೆ ಅಂಟುತ್ತದೆ. ಮುಖ್ಯವಾಗಿ, ನಮ್ಮ ಮಂಜಿನಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಪಕ್ಕದ ತೋಟದ ನಾಯಿ ಬೊಗಳುವುದು, ತಿರುವಿನಲ್ಲಿ ಜೀಪಿನ ಹಾರನ್, ಕೆಳಗೆ ತೋಡಿನ ನೀರು, ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಯಾರೋ ಯಾರನ್ನೋ ಕೂಗುವುದು. ‘ಮಳೆ ನಿಂತರೂ ಮರದ ಹನಿ ನಿಲ್ಲದು’ ಎಂಬ ಗಾದೆಯನ್ನು ಬೇರೆ ಕಡೆಯವರು ಗಾದೆಯಾಗಿ ಬಳಸುತ್ತಾರೆ. ನಮಗೆ ಅದು ಕಕ್ಕಡದ ಪ್ರತಿ ಸಂಜೆಯ ವರದಿ. ಮಳೆ ಬಿಟ್ಟ ಮೇಲೂ ಸಿಲ್ವರ್ ಓಕ್ ಎಲೆಗಳಿಂದ ಕಾಫಿ ಎಲೆಗೆ, ಕಾಫಿ ಎಲೆಯಿಂದ ನೆಲದ ಕೊಳೆತ ಎಲೆಗೆ ಮೂರು ಬಗೆಯ ಸದ್ದಿನಲ್ಲಿ ಹನಿ ಇಳಿಯುತ್ತಲೇ ಇರುತ್ತದೆ. ಟವೆಲ್ ಹೊದಿಸಿ ಕೇಳಿದಾಗ ನಿಮ್ಮ ಆಟದಲ್ಲಿ ನನಗೆ ಕೇಳಿಸಿದ್ದು ಇದಾವುದೂ ಅಲ್ಲ. ಜೀರುಂಡೆ ಕೇಳಿಸಿತು. ಅದೂ ಜಪಾನಿನ ಅನಿಮೆಗಳಲ್ಲಿ ಬೇಸಿಗೆ ರಜೆ, ಹಳ್ಳಿ ಎಂದು ತಿಳಿಸಲು ಹಾಕುವ ಜೀರುಂಡೆ. ಹಳ್ಳಿ ಎಂದರೆ ಈ ಸದ್ದು ಎಂದು ನಿಮ್ಮ ಕಿವಿ ಎಲ್ಲೋ ಕಲಿತುಬಿಟ್ಟಿದೆ. ಜಡಿಮಳೆಯ ಸಂಜೆ ನಿಮ್ಮ ಮನೆಯಂಗಳದಲ್ಲಿ ನಿಂತು ಕೇಳಿ. ಕಪ್ಪೆಗಳ ಗದ್ದಲದ ಮುಂದೆ ಬೇರೇನಿದೆ?

ಈಗ, ಒಂದು ವರ್ಷ ಎಲ್ಲವನ್ನೂ ಬಿಡಬೇಕೇ ಎಂಬ ಪ್ರಶ್ನೆ. ಬೇಡ. ಖಾಲಿ ತಲೆಯಲ್ಲಿ ಸ್ವಂತಿಕೆ ಹುಟ್ಟುತ್ತದೆ ಎಂಬುದು ನಮ್ಮ ಕ್ಷೇತ್ರದಲ್ಲಿ ಬಹಳ ದಿನದಿಂದ ಓಡಾಡುತ್ತಿರುವ ಒಂದು ತಪ್ಪು ನಂಬಿಕೆ. ಬೆಂಗಳೂರಿಗೆ ಹೋಗುವಾಗ ರಾಮನಗರದ ಬಂಡೆಗಳನ್ನು ನೋಡಿರುತ್ತೀರಿ. 1975ರಲ್ಲಿ ಬಂದ ‘ಶೋಲೆ’ ಅಲ್ಲಿ ತಯಾರಾಯಿತು. ಡಕಾಯಿತರಿಂದ ಹಳ್ಳಿಯನ್ನು ಕಾಯಲು ಬಾಡಿಗೆಗೆ ವೀರರನ್ನು ಕರೆತರುವ ಆ ಕಥೆಯ ಹಿಂದೆ 1960ರ ಅಮೆರಿಕದ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಇದೆ, ಅದರ ಹಿಂದೆ 1954ರಲ್ಲಿ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಮಾಡಿದ ‘ಸೆವೆನ್ ಸಮುರಾಯ್’ ಇದೆ. ಆ ಕುರೊಸಾವಾ ಅವರಾದರೂ ಅಮೆರಿಕದ ಜಾನ್ ಫೋರ್ಡ್ ಅವರ ಕುದುರೆ ಸವಾರರ ಚಿತ್ರಗಳನ್ನು ಆರಾಧಿಸುತ್ತಿದ್ದವರು. ಅಮೆರಿಕದ ಬಯಲು ಜಪಾನಿನ ಹಳ್ಳಿಯಾಗಿ, ಮತ್ತೆ ಅಮೆರಿಕಕ್ಕೆ ಮರಳಿ, ಕೊನೆಗೆ ನಮ್ಮ ರಾಮನಗರದ ಬಂಡೆಯ ಮೇಲೆ ಬಂದು ಕುಳಿತಿತು. ಹಾಗೆಂದು ‘ಶೋಲೆ’ ನೋಡುವಾಗ ಯಾರಿಗೂ ಜಪಾನ್ ನೆನಪಾಗುವುದಿಲ್ಲ.

ಎಲ್ಲ ಎರವಲೂ ಒಂದೇ ತೂಕದ್ದಲ್ಲ ಎಂಬುದೂ ನಿಜ. ಕುರೊಸಾವಾ ಅವರದೇ 1961ರ ‘ಯೊಜಿಂಬೊ’ವನ್ನು ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆ 1964ರಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಎಂದು ಮತ್ತೆ ತೆಗೆದಾಗ ಹೋಲಿಕೆ ದೃಶ್ಯ ದೃಶ್ಯದಲ್ಲೂ ಇತ್ತು. ವ್ಯಾಜ್ಯವಾಗಿ ಗಳಿಕೆಯ ಶೇ 15ರಷ್ಟನ್ನು ಬಿಟ್ಟುಕೊಡಬೇಕಾಯಿತು. ಈ ಅಂತರವನ್ನು ನಮ್ಮವರು ಸಾವಿರ ವರ್ಷಕ್ಕೂ ಹಿಂದೆಯೇ ಹೇಳಿಟ್ಟಿದ್ದಾರೆ. ಒಂಬತ್ತನೆಯ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನ ಕಾವ್ಯಗಳ ನಡುವಿನ ಹೋಲಿಕೆಯನ್ನು ಮೂರು ಬಗೆಯಾಗಿ ನೋಡುತ್ತಾನೆ: ಕನ್ನಡಿಯ ಪ್ರತಿಬಿಂಬದಂಥದ್ದು, ಬರೆದ ಚಿತ್ರದಂಥದ್ದು, ಇಬ್ಬರು ಮನುಷ್ಯರ ಮುಖಗಳು ಒಂದನ್ನೊಂದು ಹೋಲುವಂಥದ್ದು. ಮೊದಲೆರಡನ್ನು ಕವಿ ಬಿಡಬೇಕು, ಮೂರನೆಯದಕ್ಕೆ ಅಂಜಬೇಕಿಲ್ಲ. ಹೋಲಿಕೆ ಇದ್ದರೂ ಜೀವ ಬೇರೆ ಇದೆಯಲ್ಲ ಎಂಬುದು ಅವನ ನಿಲುವು. ನಿಮ್ಮ ಆಟ ಸದ್ಯಕ್ಕೆ ಎರಡನೆಯದರಲ್ಲಿದೆ, ಮೂರನೆಯದಕ್ಕೆ ಬರಬಲ್ಲದು. ಹೀಗೆನ್ನಲು ನನ್ನ ಬಳಿ ಆಧಾರವಿದೆ, ಮುಂದೆ ಹೇಳುತ್ತೇನೆ.

ದೊಡ್ಡ ಗೇಮ್‌ಗಳ ಭಾವ ಹೆಚ್ಚಾಗಿ ಬಂದಿರುವುದು ಗೇಮ್‌ಗಳ ಹೊರಗಿನಿಂದ. ಜಪಾನಿನ ಗೇಮ್ ವಿನ್ಯಾಸಕ ಶಿಗೆರು ಮಿಯಾಮೊಟೊ ಕ್ಯೋಟೊ ಹತ್ತಿರದ ಸೊನೊಬೆ ಎಂಬ ಊರಿನಲ್ಲಿ ಬೆಳೆದವರು. ಹುಡುಗನಾಗಿದ್ದಾಗ ಗುಡ್ಡ ಅಲೆಯುತ್ತಾ ಒಂದು ಗುಹೆಯ ಬಾಯಿ ಕಂಡು, ಹೆದರಿ, ಆಮೇಲೆ ಲಾಟೀನು ಹಿಡಿದು ಒಳಗೆ ಹೋದರು. 1986ರ ‘ಝೆಲ್ಡಾ’ದ ಗವಿಗಳಲ್ಲಿ ಇರುವುದು ಆ ಹುಡುಗನ ಎದೆಬಡಿತ. ಟೋಕಿಯೊ ಹೊರವಲಯದ ಮಚಿದಾದಲ್ಲಿ ಹುಳು ಹಿಡಿಯುತ್ತಾ ಬೆಳೆದ ಸತೋಶಿ ತಾಜಿರಿ, ಕೆರೆಗಳು ಮುಚ್ಚಿ ಕಟ್ಟಡಗಳೆದ್ದ ಮೇಲೆ ಆ ಖುಷಿಯನ್ನು 1996ರಲ್ಲಿ ‘ಪೊಕೆಮಾನ್’ ಮಾಡಿ ಮಕ್ಕಳ ಕೈಗೆ ಕೊಟ್ಟರು.

ನನಗೆ ಬಹಳ ಇಷ್ಟವಾದದ್ದು ಗೇಮ್ ನಿರ್ದೇಶಕ ಹಿದೆತಾಕಾ ಮಿಯಾಝಾಕಿ ಅವರ ಅನುಭವ. ಹಿಮ ಬಿದ್ದ ಏರುದಾರಿಯಲ್ಲಿ ಕಾರುಗಳು ಸಾಲಾಗಿ ಸಿಕ್ಕಿಹಾಕಿಕೊಂಡಿದ್ದವು. ಹಿಂದಿನ ಕಾರು ಮುಂದಿನದನ್ನು ಮೆಲ್ಲಗೆ ತಳ್ಳುತ್ತಾ, ಒಂದರ ಹಿಂದೆ ಒಂದು ಏರು ಹತ್ತಿದವು. ಅವರ ಕಾರೂ ಹತ್ತಿತು. ನಿಲ್ಲಿಸಿ ಧನ್ಯವಾದ ಹೇಳೋಣವೆಂದರೆ ನಿಲ್ಲಿಸಿದರೆ ಹಿಂದಿನವರು ಮತ್ತೆ ಸಿಕ್ಕಿಬೀಳುತ್ತಾರೆ. ಯಾರೆಂದು ತಿಳಿಯದವರಿಂದ ಬಂದ ಆ ಸಹಾಯ, ಹೇಳಲಾಗದೆ ಉಳಿದ ಆ ಕೃತಜ್ಞತೆಯೇ 2009ರ ‘ಡೀಮನ್ಸ್ ಸೋಲ್ಸ್’ನಲ್ಲಿ ಅಪರಿಚಿತ ಆಟಗಾರರು ಕ್ಷಣಕಾಲ ಬಂದು ಕೈಜೋಡಿಸಿ ಮಾಯವಾಗುವ ವ್ಯವಸ್ಥೆಯಾಯಿತು. ಆ ಆಟದಲ್ಲಿ ಹಿಮವೂ ಕಾರೂ ಇಲ್ಲ ಎಂಬುದನ್ನು ಗಮನಿಸಿ. ಮಳೆಗಾಲದಲ್ಲಿ ಮಾಂದಲ್‌ಪಟ್ಟಿಯ ದಾರಿಯಲ್ಲಿ ಕೆಸರಿಗೆ ಸಿಕ್ಕ ಜೀಪನ್ನು ಗುರುತು ಪರಿಚಯವಿಲ್ಲದವರೆಲ್ಲ ಇಳಿದು ತಳ್ಳುವುದನ್ನು ನೀವೂ ನಾನೂ ಎಷ್ಟು ಸಲ ನೋಡಿಲ್ಲ? ನಮಗದು ಮಾಮೂಲಿ. ಅವರು ಅದನ್ನು ಮಾಮೂಲಿ ಎಂದು ಬಿಡಲಿಲ್ಲ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹೊರದೇಶದ ಗೇಮ್‌ಗೆ ಮಳೆಕಾಡು ಕಟ್ಟುವ ಹೊಣೆ ಬಂತು. ಗೋಡೆ ತುಂಬ ಮುನ್ನೂರು ಚಿತ್ರ ಅಂಟಿಸಿಕೊಂಡೆ. ಎಲ್ಲವೂ ಬೇರೆ ಗೇಮ್‌ಗಳದ್ದು, ಸಿನಿಮಾಗಳದ್ದು. ನಾಲ್ಕು ತಿಂಗಳು ದುಡಿದೆ. ಕೆಲಸ ಪರಿಶೀಲಿಸಿದ ಹಿರಿಯರು ಒಂದೇ ಮಾತು ಕೇಳಿದರು: ‘ಈ ಕಾಡಿನಲ್ಲಿ ನೀನು ಎಲ್ಲಿ ಒದ್ದೆಯಾದೆ?’ ನನ್ನ ಬಳಿ ಉತ್ತರವಿರಲಿಲ್ಲ. ಮಡಿಕೇರಿಯಲ್ಲಿ ಹುಟ್ಟಿದವನಿಗೆ ಉತ್ತರವಿರಲಿಲ್ಲ! ಆ ಕೆಲಸವನ್ನು ಬೇರೆಯವರಿಗೆ ವಹಿಸಿದರು. ಅಂದಿನಿಂದ ಯಾವ ಜಾಗ ಕಟ್ಟುವ ಮೊದಲೂ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ.

ಇನ್ನು ನಿಮ್ಮ ಆಟದ ಹುಡುಗಿಯ ನಡಿಗೆ. ಏರಿನಲ್ಲೂ ಇಳಿಜಾರಿನಲ್ಲೂ ಗದ್ದೆಯಲ್ಲೂ ಒಂದೇ ವೇಗದಲ್ಲಿ ಜಾರಿದಂತೆ ಸಾಗುತ್ತಾಳೆ. ಉಚಿತವಾಗಿ ಸಿಗುವ ನಡಿಗೆಯನ್ನೇ ಹಾಕಿದ್ದೀರಿ ಎಂದು ಕಾಣುತ್ತದೆ. ಆಟದ ಭಾವ ಆಟಗಾರನಿಗೆ ಮೊದಲು ಮುಟ್ಟುವುದು ಬೆರಳಿನ ಮೂಲಕ. 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ದ ರಾಜಕುಮಾರ ಅಂಚಿನಲ್ಲಿ ತೂಗಾಡಿ ಹತ್ತುವಾಗ ನಮ್ಮ ಹೊಟ್ಟೆ ಹಿಂಡುತ್ತಿತ್ತಲ್ಲ, ಅದಕ್ಕೆ ಕಾರಣ ಜೋರ್ಡಾನ್ ಮೆಕ್ನರ್ ತನ್ನ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಒಂದೊಂದೇ ಚೌಕಟ್ಟನ್ನು ನೋಡಿ ಬಿಡಿಸಿದ್ದು. ಕತ್ತಿವರಸೆಗೆ 1938ರ ರಾಬಿನ್ ಹುಡ್ ಸಿನಿಮಾದ ಒಂದು ಕಾಳಗವನ್ನೇ ಮಾದರಿಯಾಗಿಟ್ಟುಕೊಂಡರು. ಮನೆಯ ಹುಡುಗನ ಮೈಭಾರ ಮತ್ತು ಹಳೆಯ ಸಿನಿಮಾದ ಲಯ ಸೇರಿ ಹೊಸತೊಂದು ಹುಟ್ಟಿತು. ನಿಮಗೂ ತಮ್ಮನಿದ್ದಾನೆ, ಮೊಬೈಲ್ ಇದೆ, ಅಜ್ಜಿಯೂ ಇದ್ದಾರೆ. ಮಳೆಯಲ್ಲಿ ತೋಟದ ಇಳಿಜಾರಿನಲ್ಲಿ ಅವನು ಅಡ್ಡಡ್ಡ ಪಾದವಿಟ್ಟು, ಕಾಫಿ ಗಿಡದ ರೆಂಬೆ ಹಿಡಿದು, ಜಾರಿದಾಗ ಸಿಲ್ವರ್ ಓಕ್ ಮರಕ್ಕೆ ಆತುಕೊಂಡು ಇಳಿಯುವುದನ್ನು ಚಿತ್ರೀಕರಿಸಿ. ಗದ್ದೆಯ ಬದುವಿನಲ್ಲಿ ನಡೆಯುವುದು, ನಡುವೆ ನಿಂತು ಕಾಲಿನ ಜಿಗಣೆ ಕೀಳುವುದು ಎಲ್ಲವೂ ಬೇಕು. ಅಜ್ಜಿ ಅಂಗಳ ದಾಟುವುದನ್ನೂ ತೆಗೆಯಿರಿ. ಜಾರುವ ಅಂಗಳದಲ್ಲಿ ಅವರಷ್ಟು ನಿಖರವಾಗಿ ಹೆಜ್ಜೆ ಇಡುವವರಿಲ್ಲ.

ನೋಟದ ವಿಷಯವನ್ನೂ ಹೇಳಬೇಕು. ನಿಮ್ಮ ಆಟದಲ್ಲಿ ಕ್ಯಾಮೆರಾ ಮತ್ತೆ ಮತ್ತೆ ಮೇಲಕ್ಕೆ ಹೋಗಿ ಕಣಿವೆ, ಹಸಿರು, ಬೆಟ್ಟದ ಸಾಲು ತೋರಿಸುತ್ತದೆ. ಇದು ಜಪಾನಿನದ್ದಲ್ಲ, ನಮ್ಮ ಕನ್ನಡ ಸಿನಿಮಾದ್ದು. 1971ರಲ್ಲಿ ‘ಶರಪಂಜರ’ದ ಹಾಡು ಕೊಡಗಿನ ಕಾವೇರಿಯನ್ನು ಇಡೀ ನಾಡಿನ ಬಾಯಲ್ಲಿ ಹಾಡಿಸಿತು. 2006ರ ‘ಮುಂಗಾರು ಮಳೆ’ ಮಡಿಕೇರಿಯ ಮಳೆಯನ್ನು ಪ್ರೇಮದ ಇನ್ನೊಂದು ಹೆಸರನ್ನಾಗಿ ಮಾಡಿತು. 2008ರ ‘ಗಾಳಿಪಟ’ದ ನಂತರ ಮಾಂದಲ್‌ಪಟ್ಟಿಯನ್ನು ಜನ ಮುಗಿಲುಪೇಟೆ ಎಂದೇ ಕರೆಯತೊಡಗಿದರು. ನನಗೆ ಆ ಚಿತ್ರಗಳ ಬಗ್ಗೆ ಅಕ್ಕರೆಯಿದೆ. ಆದರೆ ಅವು ಬೆಟ್ಟ ಹತ್ತಿ ನಿಂತು ಬೆರಗಾಗುವ ಅತಿಥಿಯ ಕಣ್ಣು. ತೋಟದೊಳಗೆ ಕಳೆದುಹೋದ ಹಸುವನ್ನು ಹುಡುಕುವವಳಿಗೆ ಬೆಟ್ಟದ ಸಾಲು ಕಾಣುವುದಿಲ್ಲ. ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ. ಕಾಣುವುದು ಎದೆಮಟ್ಟದ ಕಾಫಿ ಎಲೆ, ಮೆಣಸಿನ ಬಳ್ಳಿ ಹಬ್ಬಿದ ಮರದ ಬೊಡ್ಡೆ, ಕೆಸರಿನಲ್ಲಿ ಮೂಡಿದ ಗೊರಸಿನ ಗುರುತು. ಕ್ಯಾಮೆರಾವನ್ನು ಕೆಳಗಿಳಿಸಿ, ಅವಳ ಕೊಪ್ಪೆಯೊಳಗೆ ಇಡಿ. ಪ್ಲಾಸ್ಟಿಕ್ ಕೊಪ್ಪೆ ಹಾಕಿದಾಗ ಮಳೆ ಕಿವಿಯ ಪಕ್ಕದಲ್ಲೇ ಬಡಿಯುತ್ತದಲ್ಲ, ಆ ಸದ್ದು ಒಂದೇ ಸಾಕು, ಕೊಡಗಿನವರಾರೂ ಆಟ ನಿಲ್ಲಿಸುವುದಿಲ್ಲ.

ತಮ್ಮನ ಸಂಗೀತದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವನಿಗೆ ಒಳ್ಳೆಯ ಕಿವಿಯಿದೆ. ಆದರೆ ಆಟ ಕಟ್ಟುವಾಗ ಮೊದಲು ಯಾವುದೋ ಜಪಾನಿ ಆಟದ ಪಿಯಾನೊವನ್ನು ತಾತ್ಕಾಲಿಕವಾಗಿ ಹಾಕಿಕೊಂಡಿದ್ದಿರಿ, ಆಮೇಲೆ ಅದೇ ಅಳತೆಗೆ ಅವನು ರಾಗ ಹೊಲಿದಿದ್ದಾನೆ ಎಂದು ನನ್ನ ಊಹೆ. ಸಿನಿಮಾ ಸಂಕಲನದಲ್ಲಿ ಇದು ದಿನನಿತ್ಯದ ಪಜೀತಿ. ತಾತ್ಕಾಲಿಕ ಸಂಗೀತಕ್ಕೆ ಕಿವಿ ಒಗ್ಗಿಹೋದರೆ ಬೇರೆ ಯಾವುದೂ ರುಚಿಸುವುದಿಲ್ಲ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಗೆ ಅಲೆಕ್ಸ್ ನಾರ್ತ್ ಪೂರ್ತಿ ಸಂಗೀತ ಬರೆದುಕೊಟ್ಟಿದ್ದರು, ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಅದನ್ನು ಬದಿಗಿಟ್ಟು, ಸಂಕಲನದಲ್ಲಿ ಬಳಸುತ್ತಿದ್ದ ಶಾಸ್ತ್ರೀಯ ಧ್ವನಿಮುದ್ರಣಗಳನ್ನೇ ಉಳಿಸಿಕೊಂಡರು. ಅದು ತನ್ನದಲ್ಲ ಎಂದು ನಾರ್ತ್ ಅವರಿಗೆ ಗೊತ್ತಾದದ್ದು ಸಿನಿಮಾ ನೋಡಲು ಕುಳಿತಾಗ. ಕುಬ್ರಿಕ್ ಆಯ್ಕೆ ಆ ಚಿತ್ರಕ್ಕೆ ಒಪ್ಪಿತು, ನಿಜ. ನಿಮ್ಮ ತಮ್ಮನಿಗೆ ಮಾತ್ರ ಹಾಗಾಗುವುದು ಬೇಡ. ಪಿಯಾನೊ ತೆಗೆದುಬಿಡಿ, ಮೂರು ವಾರ ಸಂಗೀತವೇ ಇಲ್ಲದೆ ಆಟ ನಡೆಯಲಿ. ಎಲ್ಲಿ ಖಾಲಿ ಅನ್ನಿಸುತ್ತದೋ ಅಲ್ಲಿಗಷ್ಟೇ ಸಂಗೀತ ಬೇಕು. ಕೊಂಬು ಕೊಟ್ಟನ್ನು ತೋಟದ ದೃಶ್ಯದಿಂದ ತೆಗೆಯಿರಿ. ಅದು ಹಬ್ಬದ ನಮ್ಮೆಗೆ, ಊರು ಕೂಡುವ ಬಯಲಾದ ಮಂದ್‌ಗೆ ಸೇರಿದ್ದು. ಮಳೆಯಲ್ಲಿ ಒಬ್ಬಳೇ ಹಸು ಹುಡುಕುವಾಗ ಕೊಂಬು ಊದಿದರೆ ಅದು ಪ್ರವಾಸಿ ಜಾಹೀರಾತಾಗುತ್ತದೆ. ದುಡಿ ಎಂಬ ಪುಟ್ಟ ಚರ್ಮವಾದ್ಯ ಬೇಕಿದ್ದರೆ ಅದನ್ನು ಬಡಿಯುತ್ತಾ ಬಾಳೋಪಾಟ್ ಎಂಬ ಜನಪದ ಹಾಡು ಹಾಡುವ ನಾಲ್ವರ ಎದುರು ತಮ್ಮ ಒಂದು ಸಂಜೆ ಕುಳಿತುಕೊಳ್ಳಲಿ. ಲಯ ಮೈಗೆ ಬಂದ ಮೇಲೆ ವಾದ್ಯವನ್ನೇ ಬಳಸದೆಯೂ ಅದು ಆಟದೊಳಗೆ ಬರುತ್ತದೆ.

ಒಂದು ಪಕ್ಕದ ಮಾತು. ಗೇಮ್‌ಗಳು ನನಗೆ ಸಿಗುವ ಮೊದಲು ನನ್ನನ್ನು ಕಟ್ಟಿದ್ದು ಮಡಿಕೇರಿ ದಸರಾ. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಮಂಟಪಗಳು ಬೀದಿಗೆ ಬರುತ್ತವೆ. ಬೆಳಕು, ಹೊಗೆ, ಧ್ವನಿಯ ನಡುವೆ ರಾಕ್ಷಸರು ಎದ್ದು ನಿಲ್ಲುತ್ತಾರೆ. ಚಿಕ್ಕವನಾಗಿ ಅಪ್ಪನ ಹೆಗಲ ಮೇಲೆ ಕುಳಿತು ನೋಡುವಾಗ ನನಗೆ ಮೈ ಜುಮ್ಮೆಂದದ್ದು ರಾಕ್ಷಸನ ಕೈ ಎದ್ದಾಗಲ್ಲ; ಕೈ ಏಳುವ ಮೊದಲು ದೀಪವೆಲ್ಲ ಆರಿ ಎರಡು ಉಸಿರಿನಷ್ಟು ಕತ್ತಲಾದಾಗ. ಆ ಎರಡು ಉಸಿರನ್ನು ನಾನು ಹೊರದೇಶದ ಆಟಗಳಲ್ಲೆಲ್ಲ ಬಳಸಿದ್ದೇನೆ. ಅದು ಮಡಿಕೇರಿಯದ್ದು ಎಂದು ಯಾರಿಗೂ ಗೊತ್ತಿಲ್ಲ.

ತೆರೆಯ ವಿಷಯದಲ್ಲಿ ನಾನು ನಿಮ್ಮ ಅಜ್ಜಿಯ ಪಕ್ಷ. ನಂಬುವವರಿಗೆ ಅದು ವೇಷವಲ್ಲ. ಹೆದರಿಸಲು ಅಥವಾ ಸೋಲಿಸಲು ಒಂದು ಪಾತ್ರವಾಗಿ ಅದನ್ನು ಆಟದಲ್ಲಿ ಇಟ್ಟರೆ ನೋವಾಗುವುದು ಸಹಜ. ಇಡಲೇಬೇಕೆಂದರೆ ದೇವಾಲಯದ ಮುಖ್ಯಸ್ಥರಾದ ತಕ್ಕರನ್ನೂ ತೆರೆ ಕಟ್ಟುವವರನ್ನೂ ಮೊದಲೇ ಕೇಳಬೇಕು, ಅವರು ಬೇಡ ಎಂದರೆ ಅಲ್ಲಿಗೆ ಬಿಡಬೇಕು. ಆದರೆ ನಿಮ್ಮ ಆಟಕ್ಕೆ ಅದರ ಅಗತ್ಯವೇ ಇಲ್ಲ, ದೇವರಕಾಡು ಇದೆಯಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಕಡ್ಡಿ ಮುರಿಯಬಾರದು, ಏನನ್ನೂ ಮನೆಗೆ ತರಬಾರದು ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ನಿಮ್ಮ ಆಟದುದ್ದಕ್ಕೂ ಆಟಗಾರ ಕಣಿಲೆ, ಅಣಬೆ, ಸೌದೆ ಆರಿಸುತ್ತಾ ಬರುತ್ತಾನೆ. ದೇವರಕಾಡಿನ ಗಡಿ ದಾಟಿದ ಕೂಡಲೇ ಆರಿಸಲು ಒತ್ತುವ ಗುಂಡಿ ಕೆಲಸ ಮಾಡದಿರಲಿ. ಯಾವ ಸೂಚನೆಯೂ ಬೇಡ. ಎಂಟು ಹತ್ತು ಸಲ ಒತ್ತಿ ನೋಡಿ, ಕೈ ಮುಂದೆ ಹೋಗದಿರುವುದನ್ನು ಕಂಡು, ಅವನು ಮೆಲ್ಲಗೆ ನಡೆಯತೊಡಗುತ್ತಾನೆ. ಹೊರಗಿನವನಿಗೂ ಆ ಜಾಗದ ನೇಮ ಬೆರಳಿನಲ್ಲೇ ತಿಳಿಯುತ್ತದೆ.

ಇಂಥದ್ದೇ ಕೆಲಸವನ್ನು 2020ರ ‘ಘೋಸ್ಟ್ ಆಫ್ ತ್ಸುಶಿಮಾ’ದಲ್ಲಿ ಕಾಣಬಹುದು. ಅಮೆರಿಕದವರು ಜಪಾನಿನ ದ್ವೀಪವೊಂದರ ಬಗ್ಗೆ ಮಾಡಿದ ಆಟ. ಕಪ್ಪುಬಿಳುಪಿನಲ್ಲಿ ಆಡುವ ಒಂದು ಬಗೆಗೆ ಕುರೊಸಾವಾ ಅವರ ಹೆಸರನ್ನೇ ಇಟ್ಟು ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡರು. ಆದರೆ ಅವರ ನಿಜವಾದ ಸಾಧನೆ ಬೇರೆಡೆ ಇದೆ. ಕುರೊಸಾವಾ ಚಿತ್ರಗಳಲ್ಲಿ ಗಾಳಿ ಎಂದೂ ಸುಮ್ಮನಿರುವುದಿಲ್ಲ. ಆ ಗಾಳಿಯನ್ನು ತಂದು ದಾರಿ ತೋರಿಸುವ ಕೆಲಸಕ್ಕೆ ಹಚ್ಚಿದರು. ಪರದೆಯ ಮೇಲೆ ಬಾಣದ ಗುರುತಿಲ್ಲ, ಹುಲ್ಲು ಬಾಗಿದ ಕಡೆ ಹೋಗಬೇಕು. ನಿಮ್ಮ ಆಟದಲ್ಲಿ ಹಸು ಇರುವ ದಿಕ್ಕಿಗೆ ಹಳದಿ ಬಾಣ ಹಾಕಿದ್ದೀರಿ. ಹಸುವಿನ ಕೊರಳಲ್ಲಿ ಗಂಟೆ ಇದೆಯಲ್ಲವೇ? ಬಾಣ ಕಿತ್ತುಹಾಕಿ. ಮಳೆ ಜೋರಾದರೆ ಗಂಟೆ ಅಡಗುತ್ತದೆ, ಹುಡುಗಿ ಮರದಡಿ ನಿಂತು ಕಾಯಬೇಕು. ಮಳೆ ಸಣ್ಣದಾದರೆ ಒಂದೆರಡು ಸಲ ಕೇಳುತ್ತದೆ, ಅಷ್ಟರಲ್ಲಿ ದಿಕ್ಕು ಹಿಡಿಯಬೇಕು. ಆಗ ಮಂಜು ಹೆದರಿಸುವುದನ್ನು ಬಿಟ್ಟು ಕಾಯಿಸತೊಡಗುತ್ತದೆ. ಕಕ್ಕಡದಲ್ಲಿ ನಾವು ಮಾಡುವುದು ಅದನ್ನೇ ತಾನೇ, ಕಾಯುವುದು?

ಕಾನೂನಿನ ಭಯಕ್ಕೆ ಹೆಚ್ಚು ಹೇಳಬೇಕಿಲ್ಲ. ಕಲ್ಪನೆ, ವಸ್ತು, ಸಾಮಾನ್ಯ ಕಥಾಹಂದರಕ್ಕೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಹೇಳಿದ ನಿರ್ದಿಷ್ಟ ರೂಪಕ್ಕೆ ಇದೆ ಎಂದು ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮಂಜು ಯಾರ ಸ್ವತ್ತೂ ಅಲ್ಲ. ನಿಮಗೆ ಅಪಾಯವಿರುವುದು ನೀವು ಗಮನಿಸದ ಕಡೆ: ಅಂತರ್ಜಾಲದಿಂದ ಇಳಿಸಿಕೊಂಡ ಆ ಕೊಂಬಿನ ಧ್ವನಿ. ಜನಪದ ರಾಗ ಎಲ್ಲರದು, ಆದರೆ ಒಂದು ಧ್ವನಿಮುದ್ರಣಕ್ಕೆ ನಮ್ಮ ದೇಶದಲ್ಲಿ ಪ್ರಕಟವಾದ ಮೇಲೆ 60 ವರ್ಷ ಹಕ್ಕಿರುತ್ತದೆ. ಮಾರಾಟಕ್ಕೆ ಇಡುವ ಮೊದಲು ಅದನ್ನು ತೆಗೆಯಲೇಬೇಕು.

ಎಐ ಚಿತ್ರಗಳು ಬೇಡ ಎನ್ನುತ್ತೇನೆ, ಕಾರಣ ಕೇಳಿ. ಕೊಡವ ಮದುವೆಯ ಚಿತ್ರ ಬೇಕೆಂದು ನಾನು ಅಂಥ ಉಪಕರಣವೊಂದನ್ನು ಕೇಳಿ ನೋಡಿದೆ. ಹಿಂದೆ ಇರಬೇಕಾದ ಸೀರೆಯ ನೆರಿಗೆ ಮುಂದೆ ಬಂತು, ಸೊಂಟದ ಕಿರುಗತ್ತಿ ಪೀಚೆಕತ್ತಿಯ ಜಾಗದಲ್ಲಿ ರಜಪೂತರ ಖಡ್ಗ ಬಂತು, ಹಿಂದೆ ಸ್ವಿಟ್ಜರ್ಲೆಂಡಿನ ಬೆಟ್ಟದಂಥದ್ದು ನಿಂತಿತು. ಹೆಚ್ಚು ಜನ ಹೆಚ್ಚು ಸಲ ಚಿತ್ರಿಸಿದ್ದನ್ನೇ ಅದು ಮತ್ತೆ ಕೊಡುತ್ತದೆ. ನಿಮಗೆ ಈಗಿರುವ ಕಾಯಿಲೆಯೇ ಅದು, ಔಷಧ ಹೇಗಾದೀತು? ಅಲ್ಲದೆ ಗೇಮ್ ಮಾರುವ ಸ್ಟೀಮ್‌ನಂಥ ಆನ್‌ಲೈನ್ ಮಳಿಗೆಯಲ್ಲಿ ಎಐ ಬಳಸಿದ್ದನ್ನು ಬಹಿರಂಗಪಡಿಸಬೇಕೆಂಬ ನಿಯಮ 2024ರಿಂದ ಇದೆ. ಊರಿನ ಆಟವೆಂದು ಕೊಳ್ಳಲು ಬಂದವರು ಅದನ್ನು ಓದಿ ಹಿಂದೆ ಸರಿಯಬಹುದು.

ಹಾಗಾದರೆ ಏನು ಮಾಡುವುದು? ಎಲ್ಲ ಅಳಿಸಿ ಮೊದಲಿನಿಂದ ಕಟ್ಟಬಹುದು. ಹಾಗೆ ಮಾಡಿದ ಹಲವರನ್ನು ನಾನು ಬಲ್ಲೆ. ಅವರಲ್ಲಿ ಹೆಚ್ಚಿನವರ ಆಟ ಮುಗಿಯಲೇ ಇಲ್ಲ. ಒಂದೂವರೆ ವರ್ಷ ದುಡಿದ ಮೇಲೆ ಮನಸ್ಸಿನಲ್ಲಿ ಅಷ್ಟು ಕಸುವು ಉಳಿದಿರುವುದಿಲ್ಲ. ಅಥವಾ ಇದು ಹಾರರ್ ಆಟವೇ ಎಂದು ಒಪ್ಪಿಕೊಂಡು ಋಣವನ್ನು ಬಹಿರಂಗವಾಗಿ ಹೇಳಿ ಬಿಡುಗಡೆ ಮಾಡಬಹುದು. ತಪ್ಪೇನಿಲ್ಲ, ಕೊಳ್ಳುವವರೂ ಇದ್ದಾರೆ. ಆದರೆ ಹೆದರಲೆಂದು ಬಂದವರಿಗೆ ಹಸು ಸಿಗುವ ನಿಮ್ಮ ಕೊನೆ ಸಪ್ಪೆ ಅನ್ನಿಸುತ್ತದೆ, ನೀವು ಕೊನೆಯನ್ನೇ ಬದಲಿಸಬೇಕಾಗುತ್ತದೆ. ನನ್ನ ಸಲಹೆ, ಇದ್ದ ಆಟವನ್ನೇ ಇಟ್ಟುಕೊಂಡು ಸದ್ದು, ನಡಿಗೆ, ಕ್ಯಾಮೆರಾದ ಎತ್ತರ, ಆಮೇಲೆ ಬಣ್ಣ, ಈ ಕ್ರಮದಲ್ಲಿ ಬದಲಿಸುತ್ತಾ ಹೋಗಿ. ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಇದರಲ್ಲೂ ಒಂದು ತೊಂದರೆ ಇದೆ: ಸ್ಕ್ರೀನ್‌ಶಾಟ್ ನೋಡಿದವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ, ಹೊಗಳಿಕೆ ಬರುವುದಿಲ್ಲ, ನಿಮಗೇ ಅನುಮಾನ ಹುಟ್ಟುತ್ತದೆ. ಆಗ ಪರದೆಗೆ ಟವೆಲ್ ಹೊದಿಸಿ ಅಜ್ಜಿಗೆ ಕೇಳಿಸಿ, ಇದು ಯಾವ ತಿಂಗಳು ಎಂದು ಕೇಳಿ. ಅವರ ಉತ್ತರವನ್ನು ನಂಬಿ, ನನ್ನದನ್ನೂ ಗೆಳೆಯರದನ್ನೂ ಅಲ್ಲ.

ನೀವು ಮೂರನೆಯ ಬಗೆಗೆ ಬರಬಲ್ಲಿರಿ ಎಂದೆನಲ್ಲ, ಅದಕ್ಕೆ ಆಧಾರ ನಿಮ್ಮ ಆಟದಲ್ಲೇ ಇದೆ. ಹದಿನೇಳನೆಯ ನಿಮಿಷದಲ್ಲಿ ಹುಡುಗಿ ಒಂದು ಅಡುಗೆಮನೆಗೆ ನುಗ್ಗುತ್ತಾಳೆ. ಒಲೆಯ ಮೇಲೆ ಮದ್ದು ಸೊಪ್ಪಿನ ಪಾಯಸ ಕುದಿಯುತ್ತಿದೆ, ಅದರ ಕಡುನೇರಳೆ ಬಣ್ಣ ಮರದ ಸೌಟಿಗೂ ಅಜ್ಜಿಯ ಬೆರಳ ತುದಿಗೂ ಹತ್ತಿದೆ. ಅವಳ ಒದ್ದೆ ಕೊಪ್ಪೆಯಿಂದ ಇಳಿದ ನೀರು ಸೆಗಣಿ ಸಾರಿಸಿದ ನೆಲದ ಮೇಲೆ ಹರಿದು ಒಲೆಯ ಬುಡದಲ್ಲಿ ಚುಂಯ್ ಎನ್ನುತ್ತದೆ. ಹೆಚ್ಚೆಂದರೆ ನಲವತ್ತು ಸೆಕೆಂಡು. ಅದನ್ನು ನೀವು ಯಾವ ಆಟದಿಂದಲೂ ತಂದಿಲ್ಲ. ಕಕ್ಕಡದ ಹದಿನೆಂಟನೆಯ ದಿನ, ಪದಿನೆಟ್ಟ್‌ನಂದು, ನಿಮ್ಮ ಮನೆಯಲ್ಲಿ ಕಂಡದ್ದು, ಅಲ್ಲವೇ? ಇಡೀ ಆಟದಲ್ಲಿ ಆ ನೇರಳೆಯೊಂದನ್ನೇ ಗಾಢ ಬಣ್ಣವಾಗಿ ಉಳಿಸಿ, ಉಳಿದುದನ್ನೆಲ್ಲ ಅದರ ಸುತ್ತ ಹೊಂದಿಸಿ.

ಈ ಮಳೆಗಾಲದಲ್ಲಿ ತಮ್ಮನ ಕೈಗೆ ರೆಕಾರ್ಡರ್ ಕೊಟ್ಟು ತೋಟಕ್ಕೆ ಕಳುಹಿಸಿ. ಮೈಕಿಗೆ ಹನಿ ತಾಗದ ಹಾಗೆ ಕೊಡೆಯ ಮೇಲೊಂದು ಹಳೆಯ ಕಂಬಳಿ ಹಾಕಿಕೊಳ್ಳಲಿ, ಇಲ್ಲದಿದ್ದರೆ ಕೊಡೆಯ ಸದ್ದೇ ದಾಖಲಾಗುತ್ತದೆ. ಮಳೆ ನಿಂತ ಕೂಡಲೇ ರೆಕಾರ್ಡರ್ ಆರಿಸಬೇಡ ಎಂದು ಮಾತ್ರ ಒತ್ತಿ ಹೇಳಿ. ಅರ್ಧ ಗಂಟೆ ಹಾಗೆಯೇ ಬಿಡಲಿ. ಹುಡುಗಿ ಐನ್‌ಮನೆಯ ಜಗುಲಿ ಹತ್ತಿ, ಹಸುವಿನ ಪಕ್ಕ ಕುಳಿತುಕೊಳ್ಳುವ ಕೊನೆಯ ದೃಶ್ಯಕ್ಕೆ ಬೇಕಾದ ಸದ್ದು ಆ ಅರ್ಧ ಗಂಟೆಯಲ್ಲಿ ಎಲ್ಲೋ ಇರುತ್ತದೆ.